ರೇಡಿಯೋಹೆಡ್ ನುಡಿಸುತ್ತಾ ಕಲಿತದ್ದು

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ಹಾಡುಗಳನ್ನು ಕೇಳುವುದೇ ಬೇರೆ, ನುಡಿಸುವುದೇ ಬೇರೆ. ಕೇಳುವಾಗ ಅಬ್ಬಾ, ಎಷ್ಟೊಂದು ನಡೀತಿದೆ ಅನಿಸುತ್ತದೆ. ನುಡಿಸಲು ಕೂತರೆ ಒಬ್ಬೊಬ್ಬರ ಪಾಲಿಗೆ ಬರುವುದು ತೀರಾ ಸ್ವಲ್ಪ. ಬೇರೆಯವರ ಹಾಡುಗಳನ್ನು ನುಡಿಸುವ ಬೆಂಗಳೂರಿನ ನಮ್ಮ ಕವರ್ ಬ್ಯಾಂಡಿನಲ್ಲಿ ನಾನು ಗಿಟಾರ್ ನುಡಿಸುತ್ತೇನೆ. ಯಾರು ಎಲ್ಲಿ ಕೈ ತೆಗೆಯಬೇಕು ಅನ್ನುವುದನ್ನು ನನಗೆ ಕಲಿಸಿದ್ದು ರೇಡಿಯೋಹೆಡ್ಡೇ.

ಇಂಗ್ಲೆಂಡಿನ ಅಬಿಂಗ್‌ಡನ್ ಎಂಬ ಊರಿನ ಶಾಲೆಯಲ್ಲಿ 1985ರಲ್ಲಿ ಹುಟ್ಟಿದ ಬ್ಯಾಂಡ್ ರೇಡಿಯೋಹೆಡ್. ಗಾಯಕ ಥಾಮ್ ಯಾರ್ಕ್, ಎಡ್ ಓಬ್ರಿಯನ್, ಫಿಲ್ ಸೆಲ್ವೇ, ಕಾಲಿನ್ ಗ್ರೀನ್‌ವುಡ್, ಕೊನೆಗೆ ಸೇರಿಕೊಂಡ ಕಾಲಿನ್ ತಮ್ಮ, ಗಿಟಾರಿಸ್ಟ್ ಜಾನಿ. ಶುಕ್ರವಾರ ಅಭ್ಯಾಸ ಮಾಡುತ್ತಿದ್ದರಿಂದ ಮೊದಲ ಹೆಸರು 'ಆನ್ ಎ ಫ್ರೈಡೇ'. 1991ರಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದವಾದ ಮೇಲೆ ಹೆಸರು ಬದಲಾಯಿತು. ಜನ ಬದಲಾಗಲಿಲ್ಲ. ಇವತ್ತಿಗೂ ಅದೇ ಐವರು.

ಎಲ್ಲರ ಹಾಗೆ ನಾವೂ 1992ರ 'ಕ್ರೀಪ್'ನಿಂದಲೇ ಶುರು ಮಾಡಿದೆವು. ಜಿ, ಬಿ, ಸಿ, ಸಿ ಮೈನರ್. ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಕೊನೆಯವರೆಗೂ ಅದೇ. ಹಾಗಿದ್ದೂ ಬೇಸರ ಬರುವುದಿಲ್ಲ, ಯಾಕೆ? ಉತ್ತರ ಇರುವುದು ಗಿಟಾರಿನ ಎರಡನೇ ತಂತಿಯಲ್ಲಿ. ಜಿ ಹಿಡಿದಾಗ ಆ ತಂತಿಯ ಮೇಲೆ ಬೆರಳು 3ನೇ ಫ್ರೆಟ್‌ನಲ್ಲಿರಲಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿರುವ ಅಡ್ಡಪಟ್ಟಿ). ಬಿ ಬಂದಾಗ ಅದು 4ಕ್ಕೆ ಹೋಗುತ್ತದೆ, ಸಿ ಬಂದಾಗ 5ಕ್ಕೆ, ಸಿ ಮೈನರ್‌ಗೆ ಮತ್ತೆ 4ಕ್ಕೆ ಇಳಿದು, ಜಿಗೆ ವಾಪಸ್ 3. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಜಿ ಷಡ್ಜ ಅಂತಿಟ್ಟುಕೊಂಡರೆ ಇದು ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ, ಪಂಚಮ. ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವ ಈ ಗೆರೆಯಲ್ಲೇ ಹಾಡಿನ ಸಂಕಟವೆಲ್ಲ ಇದೆ. ಅದಕ್ಕೇ ನಾನು ಪೂರ್ತಿ ಕಾರ್ಡ್ ಬಾರಿಸುವುದಿಲ್ಲ. ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ, ಆ ಒಂದು ಸ್ವರ ಎದ್ದು ಕೇಳುವ ಹಾಗೆ ನೋಡಿಕೊಳ್ಳುತ್ತೇನೆ.

ಕೋರಸ್‌ಗೆ ಸ್ವಲ್ಪ ಮುಂಚೆ ಬರುವ ಆ 'ಚಕ್, ಚಕ್' ಸದ್ದು ಇದೆಯಲ್ಲ, ಅದಕ್ಕೆ ಎಡಗೈಯನ್ನು ಎಲ್ಲ ತಂತಿಗಳ ಮೇಲೆ ಹಗುರವಾಗಿ ಇಡಬೇಕು, ಒತ್ತಬಾರದು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತುಳಿದು ಬಲಗೈಯಿಂದ ಜೋರಾಗಿ ಹೊಡೆಯಬೇಕು. ಹಾಡು ತೀರಾ ಮೆತ್ತಗಿದೆ ಅಂತ ಜಾನಿಗೆ ಇಷ್ಟವಾಗದೆ ಹೀಗೆ ಗುದ್ದಿದರಂತೆ. ಹಾಡು ನಿಂತಿರುವುದೇ ಆ ಏಟಿನ ಮೇಲೆ.

ಬ್ರಿಟನ್ನಿನಲ್ಲಿ ಈ ಹಾಡು ಮೊದಲ ಸಲ ಹೊರಬಂದಾಗ ಅಷ್ಟೇನೂ ಓಡಲಿಲ್ಲ. 1993ರಲ್ಲಿ ಮತ್ತೆ ಬಿಟ್ಟಾಗ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಬಂತು. ಬೇರೆಯವರಾಗಿದ್ದರೆ ಅದೇ ಅಚ್ಚಿನಲ್ಲಿ ಇನ್ನೂ ಹತ್ತು ಹಾಡು ಮಾಡುತ್ತಿದ್ದರು. ಇವರು 1995ರಲ್ಲಿ 'ದ ಬೆಂಡ್ಸ್', 1997ರಲ್ಲಿ 'ಓಕೆ ಕಂಪ್ಯೂಟರ್' ಮಾಡಿ, ಜಗತ್ತೆಲ್ಲ ಗಿಟಾರ್ ಬ್ಯಾಂಡ್ ಅಂತ ಕೊಂಡಾಡುತ್ತಿರುವಾಗಲೇ ಗಿಟಾರನ್ನು ಬದಿಗಿಟ್ಟರು. 2000ದ 'ಕಿಡ್ ಎ' ಆಲ್ಬಮ್‌ನಿಂದ ಒಂದು ಸಿಂಗಲ್ (ಬಿಡಿಯಾಗಿ ಹೊರತರುವ ಹಾಡು) ಕೂಡ ಬಿಡಲಿಲ್ಲ. ಆದರೂ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ. ಅದರ ಮೊದಲ ಹಾಡು ನಿಂತಿರುವುದು ಪ್ರಾಫೆಟ್-5 ಎಂಬ ಸಿಂಥಸೈಜರ್ ಮೇಲೆ, ಹತ್ತು ಎಣಿಕೆಯ ತಾಳದಲ್ಲಿ. ಅದನ್ನು ನುಡಿಸುವಾಗ ನಾನು ಗಿಟಾರ್ ಕೆಳಗಿಡುತ್ತೇನೆ. ಗಾಯಕನ ಮೈಕನ್ನು, ದನಿಯನ್ನು ತಡವಾಗಿ ಮರುಕಳಿಸುವ ಡಿಲೇ ಪೆಡಲ್‌ಗೆ ಸೇರಿಸಿ, ನೆಲದ ಮೇಲೆ ಕೂತು ಅದರ ಗುಬುಟು ತಿರುಗಿಸುವುದಷ್ಟೇ ನನ್ನ ಕೆಲಸ. ಈಗ ನನಗೆ ಆ ಕೆಲಸವೇ ಜಾಸ್ತಿ ಇಷ್ಟ.

ತಾಳದ ವಿಷಯಕ್ಕೆ ಬಂದರೆ, 2007ರ 'ಇನ್ ರೇನ್‌ಬೋಸ್'ನ '15 ಸ್ಟೆಪ್' ಐದರ ಎಣಿಕೆ. ನಮ್ಮ ಡ್ರಮ್ಮರ್ ಒನ್ ಟೂ ತ್ರೀ ಅಂತ ಎಣಿಸುತ್ತಾ ತಲೆ ಕೆಡಿಸಿಕೊಂಡಿದ್ದ. ಚಿಕ್ಕಂದಿನಲ್ಲಿ ಮೃದಂಗ ಕಲಿತ ನಮ್ಮ ಬಾಸಿಸ್ಟ್, "ಐದು ತಾನೆ ಮಗಾ? ತದಿಗಿಣತೊಂ ಅಂದ್ಕೊ, ಮುಗೀತು" ಅಂದ. ಅಲ್ಲಿಂದ ಮುಂದೆ ಎಣಿಕೆಯ ಮಾತೇ ಬರಲಿಲ್ಲ. ಖಂಡ ನಡೆ ಕೇಳಿ ಬೆಳೆದ ಕಿವಿಗೆ ಐದು ಅನ್ನುವುದು ಕಷ್ಟವೇ ಅಲ್ಲ, ಅಲ್ವಾ? (ಜಾನಿಗೂ ನಮ್ಮ ಕಡೆಯ ನಂಟಿದೆ. ಇಸ್ರೇಲಿನ ಸಂಗೀತಗಾರ ಶೈ ಬೆನ್ ತ್ಸುರ್ ಮತ್ತು ರಾಜಸ್ಥಾನದ ಕಲಾವಿದರ ಜೊತೆ ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಅವರು ಮಾಡಿದ 'ಜುನೂನ್' ಆಲ್ಬಮ್ 2015ರಲ್ಲಿ ಬಂತು.)

ಇಎಂಐ ಒಪ್ಪಂದ ಮುಗಿದ ಮೇಲೆ ಬಂದ ಆಲ್ಬಮ್ 'ಇನ್ ರೇನ್‌ಬೋಸ್'. ನಿಮಗೆ ಇಷ್ಟ ಬಂದಷ್ಟು ದುಡ್ಡು ಕೊಡಿ ಅಂತ ತಮ್ಮದೇ ವೆಬ್‌ಸೈಟಿನಲ್ಲಿ ಇಟ್ಟಿದ್ದರು. ಇದರಲ್ಲಿರುವ 'ವಿಯರ್ಡ್ ಫಿಶಸ್' ನಮ್ಮನ್ನು ನಿಜವಾಗಿ ಪರೀಕ್ಷೆ ಮಾಡಿತು. ಮೂರು ಗಿಟಾರ್, ಮೂರರಲ್ಲೂ ಬಿಡಿ ಸ್ವರಗಳ ಸುತ್ತು. ಮೂವರೂ ಒಂದೇ ಎತ್ತರದಲ್ಲಿ ನುಡಿಸಿದರೆ ಎಲ್ಲ ಕಲಸಿ ಹೋಗುತ್ತದೆ. ಹಾಗಾಗಿ ಒಬ್ಬರಿಗೆ ಕೆಳಗಿನ ತಂತಿಗಳು, ಒಬ್ಬರಿಗೆ ನಡುವಿನವು, ನನಗೆ ಹನ್ನೆರಡನೇ ಫ್ರೆಟ್‌ನಿಂದಾಚೆ. ಮೂವರ ಆಂಪ್‌ನಲ್ಲೂ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ) ಬಾಸ್ ಇಳಿಸಿ ಆ ಜಾಗವನ್ನು ಬಾಸಿಸ್ಟ್‌ಗೆ ಬಿಟ್ಟೆವು. ಪೆಡಲ್‌ನಲ್ಲಿ ಡಿಲೇ ಒಬ್ಬರಿಗೆ ಮಾತ್ರ. ಮೊದಲು ಅರ್ಧ ವೇಗದಲ್ಲಿ, ಮೆಟ್ರೊನೋಮ್ ಹಾಕಿಕೊಂಡು, ಇಬ್ಬಿಬ್ಬರೇ ಕೂತು ಅಭ್ಯಾಸ ಮಾಡಿದೆವು. ಮೂವರೂ ಕೂಡಿದಾಗ ಯಾರೂ ನುಡಿಸದ ಒಂದು ರಾಗ ಮೇಲೆ ಕೇಳಿಸಿತು. ಒಬ್ಬನ ಸ್ವರ ಮುಗಿಯುವಲ್ಲಿ ಇನ್ನೊಬ್ಬನದು ಹತ್ತಿಕೊಂಡು ತಾನಾಗಿ ಹುಟ್ಟಿದ್ದು ಅದು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಹಾಡುಗಾರಿಕೆಯ ಬಗ್ಗೆ ಒಂದು ಮಾತು. 'ಓಕೆ ಕಂಪ್ಯೂಟರ್'ನ 'ಎಗ್ಸಿಟ್ ಮ್ಯೂಸಿಕ್' ಹಾಡನ್ನು ಥಾಮ್ ಹಾಡಿದ್ದು ಒಂದು ಹಳೇ ಬಂಗಲೆಯ ಕಲ್ಲಿನ ಮೆಟ್ಟಿಲ ಬಳಿ. ಅಲ್ಲಿನ ಅನುರಣನವೇ ರೆಕಾರ್ಡಿಂಗಿನಲ್ಲಿರುವುದು. ನಾವು ಅದನ್ನು ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ರೆಕಾರ್ಡ್ ಮಾಡಿದೆವು. ಮೈಕನ್ನು ಒಂದು ಮಹಡಿ ಮೇಲಿಟ್ಟಾಗ ದನಿ ಸರಿಯಾಗಿ ಕೂತಿತು.

ಈಗ ಕೈಯಲ್ಲಿರುವುದು 2001ರ 'ಪಿರಮಿಡ್ ಸಾಂಗ್'. ಬರೀ ಪಿಯಾನೋ ಇರುವಷ್ಟು ಹೊತ್ತು ತಾಳ ಎಲ್ಲಿದೆ ಅಂತ ಸಿಗುವುದೇ ಇಲ್ಲ, ಡ್ರಮ್ಸ್ ಬಂದ ಮೇಲೆಯೇ ಅದು ತಿಳಿಯಾಗುವುದು. ಬಾಸಿಸ್ಟ್ ತೊಡೆ ಮೇಲೆ ತಾಳ ಹಾಕಿ ಲೆಕ್ಕ ಹಿಡಿಯುತ್ತಿದ್ದಾನೆ. ನಾನು ವಯಲಿನ್‌ಗಳ ಭಾಗವನ್ನು ಕೀಬೋರ್ಡಿಗೆ ಇಳಿಸಿಕೊಳ್ಳುತ್ತಿದ್ದೇನೆ.