ತರಗತಿಯಲ್ಲಿ ಪದಮೋಡ: ಕನ್ನಡದ ಪಾಠಕ್ಕೆ ಒಗ್ಗಿಸಿಕೊಳ್ಳುವ ಬಗೆ

ಪದಮೋಡ, ಅಂದರೆ ವರ್ಡ್ ಕ್ಲೌಡ್, ಮಾಡುವ ಕೆಲಸ ಒಂದೇ: ಎಣಿಕೆ. ಹೆಚ್ಚು ಸಲ ಬಂದ ಪದವನ್ನು ದೊಡ್ಡದಾಗಿ ಬರೆಯುತ್ತದೆ, ಕಡಿಮೆ ಬಂದದ್ದನ್ನು ಸಣ್ಣದಾಗಿ. ಅರ್ಥ ಅದಕ್ಕೆ ಗೊತ್ತಿಲ್ಲ. ಕನ್ನಡಕ್ಕೆ ಬಂದರೆ ಆ ಎಣಿಕೆಯೇ ತಪ್ಪುತ್ತದೆ. ಕಾಫಿ, ಕಾಫಿಯ, ಕಾಫಿಗೆ, ಕಾಫಿಯನ್ನು ಎಂಬುವು ಯಂತ್ರದ ಲೆಕ್ಕದಲ್ಲಿ ನಾಲ್ಕು ಬೇರೆ ಪದಗಳು. ಪಾಠದ ತುಂಬ ಇರುವ ಕಾಫಿ ನಾಲ್ಕು ಚೂರಾಗಿ ಮೂಲೆ ಸೇರಿ, ‘ಮತ್ತು’ ಎಂಬುದು ನಡುಮಧ್ಯೆ ಕೂರುತ್ತದೆ. ಆದ್ದರಿಂದ ಪದಗಳ ಪಟ್ಟಿಯನ್ನು ಮೊದಲು ಮಕ್ಕಳ ಕೈಯಲ್ಲೇ ಹಸನು ಮಾಡಿಸಬೇಕು. ಚಿತ್ರಕ್ಕಿಂತ ಹೆಚ್ಚು ಕಲಿಕೆ ನಡೆಯುವುದು ಅಲ್ಲೇ.

40 ನಿಮಿಷದ ಪೀರಿಯಡ್ಡಿಗೆ ಮಕ್ಕಳು ಚೀಟಿಗಳಲ್ಲಿ ಪದ ಬರೆಯಲು 5, ಎಣಿಸಿ ಹಸನು ಮಾಡಲು 10, ಹಲಗೆಯ ಮೇಲೆ ಬರೆಯಲು 10, ಅದರ ಬಗ್ಗೆ ಮಾತಿಗೆ 15 ನಿಮಿಷ ಇಟ್ಟುಕೊಳ್ಳಿ. ಸಮಯ ಸಾಲದಿದ್ದರೆ ಹಲಗೆಯ ಬರೆಹವನ್ನು ಮೊಟಕು ಮಾಡಿ, ಮಾತನ್ನು ಬೇಡ.

ಸಕಲೇಶಪುರ, ಆಲೂರಿನ ಕಡೆಯ ಎಂಟನೇ ತರಗತಿ ಎಂದುಕೊಳ್ಳೋಣ. ಪ್ರಶ್ನೆ: ‘ತೋಟಕ್ಕೆ ಆನೆ ಬಂದರೆ ಏನೇನು ನೆನಪಾಗುತ್ತದೆ?’ ಪ್ರಶ್ನೆಯಲ್ಲೇ ಇರುವ ಆನೆ, ತೋಟ ಎರಡನ್ನೂ ಬರೆಯುವಂತಿಲ್ಲ ಎಂದು ಮೊದಲೇ ಹೇಳಿಬಿಡಿ; ಇಲ್ಲದಿದ್ದರೆ ಅವೇ ಹಲಗೆ ತುಂಬುತ್ತವೆ. ಒಬ್ಬರಿಗೆ ಮೂರು ಚೀಟಿ, ಚೀಟಿಗೊಂದು ಪದ, ಹೆಸರು ಬೇಡ. 35 ಮಕ್ಕಳಿದ್ದರೆ 105 ಚೀಟಿ. ಒಂದೇ ಚೀಟಿ ಕೊಟ್ಟರೆ ಎಲ್ಲರೂ ‘ಭಯ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮೂರನೆಯ ಚೀಟಿಗೆ ಬರುವ ಹೊತ್ತಿಗಷ್ಟೇ ಸ್ವಲ್ಪ ಯೋಚನೆ ಶುರುವಾಗುವುದು.

ಈಗ ಇಂಥ ಪಟ್ಟಿ ಬಂತೆನ್ನಿ: ಭಯ 12, ಪಟಾಕಿ 9, ಹೆದರಿಕೆ 7, ಬೆಳೆ ಹಾನಿ 6, ಬೆಳೆಹಾನಿ 3, ಪರಿಹಾರ 4, ಭಯ ಇಲ್ಲ 2, ಮರಿ 1, ಇನ್ನು ಚಿಲ್ಲರೆ. ವಿಭಕ್ತಿ ಪ್ರತ್ಯಯ, ಬಹುವಚನ, ಕಾಗುಣಿತದ ತಪ್ಪು ಇವನ್ನು ಕೇಳದೆಯೇ ಕೂಡಿಸಿ. ಬೆಳೆಹಾನಿ 9 ಆಯಿತು. ಭಯ, ಹೆದರಿಕೆಗಳನ್ನು ಮಾತ್ರ ನೀವಾಗಿ ಕೂಡಿಸಬೇಡಿ. ಎರಡೂ ಒಂದೇನಾ ಎಂದು ತರಗತಿಗೆ ಬಿಡಿ, ಐದು ನಿಮಿಷ ಜಗಳವಾಡಲಿ. ‘ಭಯ ಇಲ್ಲ’ ಎಂಬುದನ್ನು ಹಾಗೇ ಯಂತ್ರಕ್ಕೆ ಕೊಟ್ಟರೆ ಅದು ಎರಡಾಗಿ ಒಡೆದು ‘ಭಯ’ದ ಲೆಕ್ಕಕ್ಕೇ ಸೇರುತ್ತದೆ, ಅರ್ಥ ತಿರುವುಮುರುವು. ನಮ್ಮಲ್ಲಿ ಇದಕ್ಕೆ ಸುಲಭದ ದಾರಿಯಿದೆ: ಕೂಡಿಸಿ ‘ಭಯವಿಲ್ಲ’ ಎಂದು ಬರೆದರೆ ಮುಗಿಯಿತು. ಇನ್ನು ‘ಪರಿಹಾರ’. ಬರೆದ ನಾಲ್ವರಲ್ಲಿ ಇಬ್ಬರ ಮನಸ್ಸಿನಲ್ಲಿ ಸರ್ಕಾರದ ದುಡ್ಡು, ಇನ್ನಿಬ್ಬರಿಗೆ ಸಮಸ್ಯೆಗೆ ದಾರಿ ಇರಬಹುದು. ಕೇಳಿ, ಬೇರೆ ಬೇರೆ ಮಾಡಿ.

ಚೀಟಿಗಳ ಬದಲು ಪಠ್ಯದ ಗದ್ಯವನ್ನೇ ಎಣಿಸುವುದಾದರೆ ಮತ್ತು, ಆದರೆ, ಎಂಬ, ಎಂದು, ಒಂದು, ಈ, ಆ, ಇದೆ ಇಂಥವನ್ನು ಮೊದಲೇ ಹೊಡೆದುಹಾಕಿ. ಕನ್ನಡಕ್ಕೆ ಈ ಪಟ್ಟಿಯನ್ನು ಒಮ್ಮೆ ನೀವೇ ಬರೆದಿಟ್ಟುಕೊಳ್ಳುವುದು ಲೇಸು. ಪದಮೋಡ ಮಾಡಿಕೊಡುವ ಬಹುತೇಕ ಜಾಲತಾಣಗಳು ಇಂಗ್ಲಿಷಿನವನ್ನು ಮಾತ್ರ ತಾವಾಗಿ ಬಿಡುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ನೆಟ್ಟು ನಂಬಿ ಪಾಠ ಕಟ್ಟುವ ಹಾಗಿಲ್ಲ. ಕರಿಹಲಗೆಯೇ ಸಾಕು. ನಾಲ್ಕೇ ಅಳತೆ ಇಟ್ಟುಕೊಳ್ಳಿ: ಒಂದು ಸಲ ಬಂದದ್ದಕ್ಕೆ 3 ಸೆಂ.ಮೀ. ಎತ್ತರದ ಅಕ್ಷರ, 2–3 ಸಲಕ್ಕೆ 5, 4–6 ಸಲಕ್ಕೆ 8, ಅದಕ್ಕೂ ಮೇಲಿನದಕ್ಕೆ 12. ಎತ್ತರವನ್ನು ಮೂಲ ಅಕ್ಷರಕ್ಕೆ ಅಳೆಯಿರಿ, ಒತ್ತಕ್ಷರ ಬಿಟ್ಟು. ಅದಕ್ಕೆ ಕೆಳಗೆ ಅರ್ಧದಷ್ಟು ಜಾಗ ಖಾಲಿ ಇರಲಿ. ದೊಡ್ಡವನ್ನು ಮೊದಲು ನಡುವೆ ಬರೆದು, ಸಂದಿಗಳಲ್ಲಿ ಸಣ್ಣವನ್ನು ತುಂಬಿಸಿ. ಎಲ್ಲವೂ ಅಡ್ಡವಾಗಿಯೇ ಇರಲಿ. ನೆಟ್ಟಗೆ ನಿಲ್ಲಿಸಿದ ಕನ್ನಡ ಪದವನ್ನು ಹಿಂದಿನ ಬೆಂಚಿನವರು ಕತ್ತು ವಾಲಿಸಿ ಓದಬೇಕಾಗುತ್ತದೆ. ಮೂವತ್ತು ನಲವತ್ತು ಪದಕ್ಕಿಂತ ಹೆಚ್ಚು ಬೇಡ. ಉಳಿದವನ್ನು ಪಕ್ಕಕ್ಕೆ ಪಟ್ಟಿ ಮಾಡಿ, ಎಸೆಯಬೇಡಿ. ಆ ಒಂಟಿ ‘ಮರಿ’ ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಕಾದಿರುವ ತೊಂದರೆಗಳೇ ಬೇರೆ. ಅಕ್ಷರದ ಬದಲು ಚೌಕ ಡಬ್ಬಿಗಳು ಬಂದರೆ ಆ ಫಾಂಟಿನಲ್ಲಿ ಕನ್ನಡವಿಲ್ಲ ಎಂದರ್ಥ. ಫಾಂಟ್ ಅಪ್‌ಲೋಡ್ ಮಾಡಲು ಬಿಡುವ ತಾಣ ಹುಡುಕಿ ನೋಟೊ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿ. ಹಳೇ ನುಡಿ, ಬರಹ ತಂತ್ರಾಂಶಗಳ ಕಡತದಿಂದ ಅಂಟಿಸಿದ್ದು ಗೀಚಿದಂತೆ ಕಂಡರೆ ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಿಸಬೇಕು. ಪೈಥಾನಿನ ವರ್ಡ್‌ಕ್ಲೌಡ್ ಲೈಬ್ರರಿ ಬಳಸುವವರು ಪಠ್ಯವನ್ನು ನೇರ ಕೊಡಬಾರದು: ಅದರ ಪದ ಒಡೆಯುವ ನಿಯಮ ನಮ್ಮ ಸ್ವರ ಚಿಹ್ನೆಯ ಬಳಿಯೇ ಪದವನ್ನು ತುಂಡರಿಸುತ್ತದೆ. ಪದ ಮತ್ತು ಸಂಖ್ಯೆಯ ಪಟ್ಟಿಯನ್ನು ನೀವೇ ಮಾಡಿ ಕೊಡಿ. ಒತ್ತಕ್ಷರ ಕಳಚಿ ನಿಂತರೆ ಚಿತ್ರ ಬಿಡಿಸುವ ಪಿಲ್ಲೋ ಲೈಬ್ರರಿಯ ಜೊತೆಗೆ ಅಕ್ಷರ ಜೋಡಿಸುವ ಲಿಬ್‌ರಾಕ್ಮ್ ಇಲ್ಲ ಎಂದು ಲೆಕ್ಕ. ಹಳೆಯ ಕೈಪಿಡಿಗಳು ಹೊಗಳುವ ವರ್ಡಲ್ ಎಂಬ ತಾಣ (2008ರದು) ಈಗಿಲ್ಲ. ಹುಡುಕಿದರೆ ಅದೇ ಹೆಸರಿನ ಪದ ಊಹಿಸುವ ಆಟ ಸಿಗುತ್ತದೆ. ಮೆಂಟಿಮೀಟರ್ ಎಂಬ ತಾಣದಲ್ಲಿ ಮಕ್ಕಳೇ ಮೊಬೈಲಿನಿಂದ ಪದ ಕಳಿಸುವುದಾದರೆ, ಎಲ್ಲರದೂ ಬರುವ ತನಕ ಪರದೆಯ ಫಲಿತಾಂಶ ಮರೆಮಾಡಿ. ತೋರಿಸಿದರೆ ದೊಡ್ಡ ಪದವನ್ನೇ ನೋಡಿ ನಕಲು ಹೊಡೆಯುತ್ತಾರೆ.

ಚಿತ್ರ ಮುಗಿದ ಮೇಲೆ ಮೂರು ಪ್ರಶ್ನೆ ಸಾಕು. ಇರಬೇಕಾಗಿದ್ದು ಯಾವ ಪದ ಇಲ್ಲ? ಉದ್ದವಾಗಿರುವುದಕ್ಕೇ ದೊಡ್ಡದಾಗಿ ಕಾಣುತ್ತಿರುವ ಪದ ಯಾವುದು? ಒಂದು ದೊಡ್ಡ ಪದ, ಒಂದು ಒಂಟಿ ಪದ ಸೇರಿಸಿ ವಾಕ್ಯ ಮಾಡಿ. ‘ಮರಿ’ಯನ್ನೂ ‘ಪಟಾಕಿ’ಯನ್ನೂ ಒಂದೇ ವಾಕ್ಯಕ್ಕೆ ತರಬೇಕಾದಾಗ ಮಕ್ಕಳು ಪಟಾಕಿಯ ಆಚೆಗೂ ಯೋಚಿಸಲೇಬೇಕಾಗುತ್ತದೆ.

ಇತಿಹಾಸದ ಪಾಠಕ್ಕೆ ಎಚ್ಚರ. ಬೇಲೂರಿನ ಚೆನ್ನಕೇಶವ ದೇವಾಲಯದ ಪಾಠವನ್ನು ಎಣಿಸಿದರೆ ‘ದೇವಾಲಯ’ ಹಲಗೆ ತುಂಬ ಬರುತ್ತದೆ, 1117 ಎಂಬುದು ಒಮ್ಮೆ ಮಾತ್ರ. ಎಷ್ಟೋ ಸಾಧನಗಳು ಅಂಕಿಗಳನ್ನೇ ಬಿಟ್ಟುಬಿಡುತ್ತವೆ. ಘಟನೆಗಳ ಕ್ರಮ, ಕಾರಣ–ಪರಿಣಾಮ ಕಲಿಸಲು ಇದು ತಕ್ಕ ಸಾಧನವಲ್ಲ, ಅದಕ್ಕೆ ಕಾಲರೇಖೆಯೇ ವಾಸಿ. ಪದಮೋಡಕ್ಕೆ ಅಂಕ ಕೊಡುವುದೂ ಬೇಡ.

ಪಾಠಕ್ಕೆ ಮುಂಚೆ ಒಂದು, ಆಮೇಲೆ ಒಂದು ಮಾಡಿ ಹೋಲಿಸುವುದಾದರೆ ಪ್ರಶ್ನೆ, ಚೀಟಿಯ ಸಂಖ್ಯೆ, ಅಳತೆ ಮೂರೂ ಅವೇ ಇರಲಿ. ಎರಡನೆಯ ದಿನ ಹತ್ತು ಮಕ್ಕಳು ಬಾರದಿದ್ದರೆ ಚೀಟಿಗಳು 75ಕ್ಕೆ ಇಳಿಯುತ್ತವೆ. ಆಗ ಸಲವನ್ನು ಎಣಿಸದೆ ನೂರು ಚೀಟಿಗೆ ಎಷ್ಟು ಎಂದು ಲೆಕ್ಕ ಹಾಕಿ, ಮೊದಲ ದಿನದ್ದನ್ನೂ ಹಾಗೇ ತಿದ್ದಿಕೊಳ್ಳಿ.