ಹಂಪಿ ಬಿಸಿಲಲ್ಲಿ ಇಪ್ಪತ್ತು ನಿಮಿಷದ ಜಲವರ್ಣ: ಮೊದಲು ನೆರಳು, ಆಮೇಲೆ ಉಳಿದದ್ದು

ಗೆರೆ ಹಾಕದೆ ನೆರಳು ಹಚ್ಚಿದರೆ ಗೋಪುರ ವಾಲುತ್ತೆ ಅಂದವರೇ ಜಾಸ್ತಿ. ವಾಲಿತು ಕೂಡ, ಮೊದಲ ಏಳೆಂಟು ಹಾಳೆಯಲ್ಲಿ. ಈಗ ಹತ್ತಕ್ಕೆ ಏಳು ನೆಟ್ಟಗೆ ನಿಲ್ಲುತ್ತವೆ.

ಹೇಮಕೂಟ ಗುಡ್ಡದಿಂದ ಉತ್ತರಕ್ಕೆ ವಿರೂಪಾಕ್ಷ ಗುಡಿ ನೋಡುತ್ತ ಕೂತರೆ ಬೆಳಗಿನ ಬೆಳಕು ಬಲಗಡೆಯಿಂದ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅರ್ಧ ಗಂಟೆ ಪೆನ್ಸಿಲ್ ಆಡಿಸಿದರೆ ಬಣ್ಣ ಕಲಸುವಷ್ಟರಲ್ಲಿ ಬಂಡೆಯ ನೆರಳು ಬೇರೆ ಆಗಿರುತ್ತೆ. ಅದಕ್ಕೇ ಪೆನ್ಸಿಲ್‌ನಲ್ಲಿ ಮೂರೇ ಗುರುತು: ಗೋಪುರದ ತುದಿ, ಬುಡ, ನಡುವೆ ಒಂದು ನೇರ ಗೆರೆ. ಆ ನಡುಗೆರೆ ಬಿಟ್ಟಿದ್ದಕ್ಕೇ ಮೊದಲಿನವು ವಾಲಿದ್ದು. ಆಮೇಲೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು ಕಲಸಿದ ಬೂದು; 10ನೇ ನಂಬರ್ ರೌಂಡ್ ಬ್ರಷ್‌ನಲ್ಲಿ ಗೋಪುರದ ನೆರಳು, ಬಂಡೆಗಳ ನೆರಳು ಎಲ್ಲ ಒಂದಕ್ಕೊಂದು ಕೂಡಿಸಿ ನಾಲ್ಕೈದು ನಿಮಿಷದಲ್ಲಿ ಮುಗಿಸಬೇಕು. ಒಣಗಿದ ಮೇಲೆ ಯೆಲ್ಲೋ ಓಕರ್‌ಗೆ (ಮಣ್ಣಿನ ಹಳದಿ) ಚೂರು ಲೈಟ್ ರೆಡ್ ಸೇರಿಸಿ ತೆಳ್ಳಗೆ, ಒಂದೇ ಸಲ ಎಳೆಯೋದು. ಎರಡನೇ ಸಲ ಉಜ್ಜಿದರೆ ಅಡಿಯ ಅಲ್ಟ್ರಾಮರೀನ್ ಎದ್ದು ಕೆಸರಾಗುತ್ತೆ. ಆಕಾಶಕ್ಕೆ ನಾನು ಸೇರಿಸೋ ಇನ್ನೊಂದು ಬಣ್ಣ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಏಪ್ರಿಲ್‌ನಲ್ಲಿ ಒಂಬತ್ತರ ಮೇಲೆ ವಾಶ್‌ನ (ನೀರು ಬೆರೆಸಿ ಎಳೆದ ತೆಳು ಬಣ್ಣದ) ಅಂಚು ಕೈ ತಿರುಗಿಸೋದರೊಳಗೆ ಒಣಗುತ್ತೆ. 200 ಮಿ.ಲೀ. ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಸಾಕು. ಹದಿನೈದು ಹಾಕಿ ನೋಡಿದೆ: ಸಂಜೆಯಾದರೂ ಅಂಟಂಟು, ಎರಡು ಹಾಳೆ ಕಚ್ಚಿಕೊಂಡು ಹರಿದವು. ಜೇನುತುಪ್ಪವೂ ಕೆಲಸ ಮಾಡುತ್ತೆ, ಆದರೆ ಇರುವೆಗಳಿಗೂ ಗೊತ್ತಾಗುತ್ತೆ.

ಹಾಳೆಯ ಮೇಲೆ ಬಿಸಿಲು ಬಿದ್ದರೆ ಬಣ್ಣ ತಿಳಿಯಾಗಿ ಕಂಡು ಕೈ ಗಾಢಕ್ಕೆ ಹೋಗುತ್ತೆ; ಮನೆಗೆ ತಂದು ನೋಡಿದರೆ ಮಸಿ. ಕೊಡೆ ಬೇಕು, ಕಪ್ಪುದೇ. ಕೆಂಪು ಕೊಡೆಯಡಿ ಬರೆದ ಬಂಡೆಗಳು ಹೊರಗೆ ಹಸಿರು ಹಸಿರಾಗಿದ್ದವು. ಬಿಳಿ ಹಾಳೆಯ ಪ್ರಖರತೆ ತಗ್ಗಿಸಲು ಚಹಾ ಡಿಕಾಕ್ಷನ್ ಬಳಿದೂ ನೋಡಿದ್ದೇನೆ. ಬಂಡೆಗೆ ಸೊಗಸು, ಆಕಾಶ ಸತ್ತೇ ಹೋಯಿತು.

ಖರ್ಚು ಪೂರ್ತಿ ಕಾಗದದ್ದು. 22×30 ಇಂಚಿನ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಶೀಟ್ ಕೊಂಡಾಗ ನಾನ್ನೂರರ ಆಸುಪಾಸು. ಹದಿನಾರು ತುಂಡು ಮಾಡಿದರೆ ಒಂದಕ್ಕೆ ಇಪ್ಪತ್ತೈದು ರೂಪಾಯಿ. ಅಗ್ಗದ ಸ್ಕೆಚ್‌ಬುಕ್ಕಲ್ಲಿ ಕಲಿಯೋಣ ಅಂತ ಆರು ತಿಂಗಳು ಕಳೆದೆ. ಆ ಕಾಗದ ಎರಡನೇ ವಾಶ್‌ಗೇ ನವಿರು ಏಳುತ್ತೆ. ತಪ್ಪು ಕೈಯದೋ ಕಾಗದದ್ದೋ ಅಂತಲೇ ತಿಳಿಯಲಿಲ್ಲ.