ಗಿರಾಕಿ ಕಳೆದುಕೊಳ್ಳದೆ ಪ್ಯಾಕೆಟ್ ಹೊಸದು ಮಾಡುವುದು ಹೇಗೆ

ಹುಬ್ಬಳ್ಳಿ ಸುತ್ತಮುತ್ತ ಚಟ್ನಿಪುಡಿ, ಖಡಕ್ ರೊಟ್ಟಿ, ಹಪ್ಪಳ, ಮಸಾಲೆ ಖಾರ, ಊದಿನಕಡ್ಡಿ ಮಾಡುವ ಸಣ್ಣ ಉದ್ಯಮದವರಿಗೆ ಪ್ಯಾಕೆಟ್ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಬಂದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ನಮ್ದು ಭಾಳ ಹಳೇದಾಗೇತ್ರಿ ಮೇಡಂ. ಮಾಲ್‌ನ್ಯಾಗ ಇರ್ತಾವಲ್ಲ, ಹಂಗ ಮಾಡಿಕೊಡ್ರಿ." ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕಂಪ್ಯೂಟರ್ ತೆರೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಅಂಗಡಿಗೆ ಬಂದ ಗಿರಾಕಿ ನಿಮ್ಮ ಮಾಲನ್ನು ಏನೆಂದು ಕೇಳುತ್ತಾರೆ?

ಬಹಳಷ್ಟು ಸಲ ಹೆಸರು ಹಿಡಿದು ಕೇಳುವುದೇ ಇಲ್ಲ. ನಂದಿನಿ ಹಾಲಿನ ಬೂತ್‌ ಮುಂದೆ ಹತ್ತು ನಿಮಿಷ ನಿಂತು ನೋಡಿ. "ಒಂದು ನೀಲಿ", "ಎರಡು ಆರೆಂಜ್" ಎನ್ನುತ್ತಾರೆಯೇ ಹೊರತು ಟೋನ್ಡ್ ಹಾಲು, ಶುಭಂ ಎಂದು ಹೇಳುವವರು ಕಡಿಮೆ. ಅಲ್ಲಿ ಬಣ್ಣವೇ ಹೆಸರು. ನಾಳೆ ಯಾರಾದರೂ ಚೆಂದ ಕಾಣಲೆಂದು ಆ ಎರಡು ಬಣ್ಣ ಅದಲುಬದಲು ಮಾಡಿದರೆ ಬೆಳಗ್ಗೆ ಆರು ಗಂಟೆಗೇ ಜಗಳ ಶುರುವಾಗುತ್ತದೆ. ನಿಮ್ಮ ಪ್ಯಾಕೆಟ್ಟಿನಲ್ಲೂ ಇಂಥದ್ದೊಂದು ಗುರುತು ಇದ್ದೇ ಇರುತ್ತದೆ. ಅದನ್ನು ಪತ್ತೆ ಹಚ್ಚಿ ಉಳಿಸಿಕೊಂಡರೆ ಉಳಿದದ್ದನ್ನೆಲ್ಲ ಧೈರ್ಯವಾಗಿ ಬದಲಿಸಬಹುದು.

ಪತ್ತೆ ಹಚ್ಚಲು ನಾನು ಮಾಡುವ ಉಪಾಯ ಸರಳ. ಕಾಯಂ ಗಿರಾಕಿಗಳಲ್ಲಿ ಹತ್ತು ಹದಿನೈದು ಜನರಿಗೆ ಬಿಳಿ ಹಾಳೆ, ಒಂದಿಷ್ಟು ಬಣ್ಣದ ಪೆನ್ಸಿಲ್ ಕೊಟ್ಟು, ಎದುರಿಗೆ ಪ್ಯಾಕೆಟ್ ಇಡದೆ, ನೆನಪಿನಿಂದಲೇ ಅದರ ಚಿತ್ರ ಬರೆಯಲು ಹೇಳಿ. "ನನಗ ಚಿತ್ರ ಬರಂಗಿಲ್ರಿ" ಎನ್ನುತ್ತಾರೆ. ಹೇಗಾದರೂ ಗೀಚಿರಿ ಎನ್ನಿ. ಎಲ್ಲರ ಹಾಳೆಯಲ್ಲೂ ಬಂದದ್ದು ನಿಮ್ಮ ಆಸ್ತಿ. ಯಾರ ಹಾಳೆಯಲ್ಲೂ ಬರದಿದ್ದದ್ದನ್ನು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಧಾರವಾಡ ಜಿಲ್ಲೆಯ ಒಂದು ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಶೇಂಗಾ ಚಟ್ನಿಪುಡಿಯ ಪ್ಯಾಕೆಟ್ ತಂದಿದ್ದರು. ಪಾರದರ್ಶಕ ಕವರು, ಮೇಲೆ ದಪ್ಪ ಕೆಂಪು ಪಟ್ಟಿ, ನಡುವೆ ಒರಳಿನ ಮುಂದೆ ಕೂತ ಹೆಂಗಸು, ಸುತ್ತ ಹೂಬಳ್ಳಿಯ ಅಂಚು, ಮೂಲೆಯಲ್ಲಿ ನಕ್ಷತ್ರದೊಳಗೆ "ಸ್ಪೆಷಲ್", ಕೆಳಗೆ ಮೂರು ಫೋನ್ ನಂಬರು. ಗಿರಾಕಿಗಳ ಹಾಳೆಗಳಲ್ಲಿ ಕೆಂಪು ಪಟ್ಟಿ ಬಂತು, ಒರಳು ಬಂತು. ಹೂಬಳ್ಳಿ ಯಾರೂ ಬರೆದಿರಲಿಲ್ಲ. ಹೆಂಗಸಿನ ಮುಖವನ್ನೂ ಯಾರೂ ನೆನಪಿಟ್ಟಿರಲಿಲ್ಲ, ಆದರೆ ಒಬ್ಬ ಅಜ್ಜಿ ಕೈಬಳೆ ಬರೆದಿದ್ದರು. ಹಾಗಾಗಿ ಹೊಸ ಪ್ಯಾಕೆಟ್ಟಿನಲ್ಲಿ ಅದೇ ಕೆಂಪು ಪಟ್ಟಿ ಅದೇ ಅಳತೆಯಲ್ಲಿ ಅದೇ ಜಾಗದಲ್ಲಿ ಉಳಿಯಿತು. ಹೆಂಗಸಿನ ಪೂರ್ತಿ ಚಿತ್ರದ ಬದಲು ಒರಳು, ಅದರ ಮೇಲೆ ಬಳೆ ತೊಟ್ಟ ಕೈ ಮಾತ್ರ, ಎರಡೇ ಬಣ್ಣದಲ್ಲಿ. ಅಂಚು, ನಕ್ಷತ್ರ, ಎರಡು ಫೋನ್ ನಂಬರು ಹೋದವು. ಖಾಲಿಯಾದ ಜಾಗದಲ್ಲಿ "ಶೇಂಗಾ ಚಟ್ನಿಪುಡಿ" ಎಂಬ ಹೆಸರು ಮೊದಲಿನ ದುಪ್ಪಟ್ಟು ದೊಡ್ಡದಾಯಿತು.

ಈ ಹೆಜ್ಜೆ ಬಿಟ್ಟರೆ ಎಷ್ಟು ದೊಡ್ಡ ಕಂಪನಿಯೂ ಎಡವುತ್ತದೆ. 2009ರಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ಕಿತ್ತಳೆ ರಸದ ಡಬ್ಬಿ ಬದಲಾಯಿತು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ಹೋಗಿ ಗಾಜಿನ ಲೋಟದ ಚಿತ್ರ ಬಂತು, ಹೆಸರು ಅಡ್ಡದಿಂದ ಉದ್ದಕ್ಕೆ ತಿರುಗಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ. 20ರಷ್ಟು ಇಳಿಯಿತು, ಕಂಪನಿ ಹಳೇ ಡಬ್ಬಿಯನ್ನೇ ವಾಪಸು ತಂದಿತು. ಒಳಗಿನ ರಸ ಬದಲಾಗಿರಲಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಮೈಸೂರು ಸ್ಯಾಂಡಲ್ ಸೋಪು. 1916ರಿಂದ ನಡೆದು ಬಂದ ಸಾಬೂನು. ಆನೆಯ ತಲೆ, ಸಿಂಹದ ಮೈಯ ಶರಭದ ಮುದ್ರೆ, ಒಡವೆ ಪೆಟ್ಟಿಗೆಯ ಹಾಗಿನ ಡಬ್ಬಿ, ಅಂಡಾಕಾರದ ಸೋಪು. ಎಷ್ಟೋ ಹೊಸ ಬಗೆಗಳು ಬಂದರೂ ಆ ಗುರುತನ್ನು ಬಿಟ್ಟುಕೊಟ್ಟಿಲ್ಲ. ನನ್ನ ಬಳಿ ಬರುವವರಿಗೆ ಈ ಡಬ್ಬಿಯನ್ನು ಕೈಯಲ್ಲಿ ಕೊಟ್ಟೇ ಮಾತು ಶುರು ಮಾಡುತ್ತೇನೆ.

ಇನ್ನು ಅಂಗಡಿ. ಮಾಲ್ ನೋಡಿ ವಿನ್ಯಾಸ ಮಾಡಬೇಡಿ. ನಿಮ್ಮ ಮಾಲು ಮಾರಾಟವಾಗುವುದು ಕಿರಾಣಿ ಅಂಗಡಿಯಲ್ಲಾದರೆ ಅಲ್ಲಿಗೆ ಹೋಗಿ ಗಿರಾಕಿ ನಿಲ್ಲುವ ಜಾಗದಲ್ಲಿ ನಿಲ್ಲಿ. ಕೌಂಟರಿನ ಆಚೆ, ಐದಾರು ಅಡಿ ದೂರದಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಪ್ಯಾಕೆಟ್ ಇರುತ್ತದೆ. ಕೆಲವು ಕಡೆ ನೇತುಹಾಕಿರುತ್ತಾರೆ, ಕೆಲವು ಕಡೆ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. ಪೆಟ್ಟಿಗೆಯಲ್ಲಿ ನಿಂತ ಪ್ಯಾಕೆಟ್ಟಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಕಾಣುತ್ತದೆ. ಹೆಸರು ನಡುಮಧ್ಯ ಹಾಕಿದ್ದರೆ ಅದು ರಟ್ಟಿನ ಹಿಂದೆ ಅಡಗಿಹೋಯಿತೆಂದೇ ಲೆಕ್ಕ. ನೇತುಹಾಕುವ ತೂತು ಎಲ್ಲಿ ಬೀಳುತ್ತದೆ ಎಂಬುದನ್ನೂ ಮೊದಲೇ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಮುದ್ರೆಯ ನೆತ್ತಿಗೇ ತೂತು ಬೀಳುತ್ತದೆ.

ಡಮ್ಮಿ, ಅಂದರೆ ಮಾದರಿ ಪ್ಯಾಕೆಟ್, ತಯಾರಾದ ಮೇಲೆ ಅದೇ ಅಂಗಡಿಯಲ್ಲಿ ಬೇರೆ ಕಂಪನಿಗಳ ಮಾಲಿನ ನಡುವೆ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಫೋಟೊವನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಬಣ್ಣ ಹೋದ ಮೇಲೂ ಹೆಸರು ಓದಲು ಬಂದರೆ ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರ ಇದೆ ಎಂದರ್ಥ. ಕೆಂಪಿನ ಮೇಲೆ ಹಸಿರು, ಕಿತ್ತಳೆಯ ಮೇಲೆ ಚಿನ್ನದ ಬಣ್ಣ ಈ ಪರೀಕ್ಷೆಯಲ್ಲಿ ಬಹುತೇಕ ಸೋಲುತ್ತವೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡುವುದನ್ನು ನಾನು ಯಾರಿಗೂ ಬಿಡುವುದಿಲ್ಲ.

ಕಿಟಕಿಯ, ಅಂದರೆ ಒಳಗಿನ ಮಾಲು ಕಾಣಲು ಬಿಡುವ ಪಾರದರ್ಶಕ ಜಾಗದ, ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಳಗಿನ ಪುಡಿ ಕಾಣಬೇಕು ಎಂದು ಎಲ್ಲರೂ ಕೇಳುತ್ತಾರೆ, ಗಿರಾಕಿಗೂ ಅದು ಇಷ್ಟ. ಆದರೆ ಶೇಂಗಾ ಪುಡಿಯಲ್ಲಿ ಎಣ್ಣೆ ಇದೆ. ಸಾಗಾಟದಲ್ಲಿ ಅಲುಗಾಡಿ ಪುಡಿ ಕೆಳಗೆ ಕೂರುತ್ತದೆ, ಮೇಲಿನ ಖಾಲಿ ಜಾಗದಲ್ಲಿ ಎಣ್ಣೆಯ ಪಸೆ, ಖಾರದ ಕಲೆ ಅಂಟಿಕೊಳ್ಳುತ್ತದೆ. ಕಿಟಕಿ ಮೇಲ್ಭಾಗದಲ್ಲಿದ್ದರೆ ಗಿರಾಕಿಗೆ ಕಾಣುವುದು ಆ ಜಿಡ್ಡು ಮಾತ್ರ, ಅರ್ಧ ಖಾಲಿ ಪ್ಯಾಕೆಟ್ ಕೊಟ್ಟರೆಂದು ಅನ್ನಿಸುತ್ತದೆ. ಕಿಟಕಿಯನ್ನು ಕೆಳಗಿನ ಮೂರನೇ ಭಾಗದಲ್ಲಿ, ಚಿಕ್ಕದಾಗಿ ಇಡಿ, ಅಲ್ಲಿ ಯಾವಾಗಲೂ ಪುಡಿ ತುಂಬಿರುತ್ತದೆ. ಬೆಳಕು ತಾಗಿದಷ್ಟೂ ಎಣ್ಣೆ ಬೇಗ ಕಮಟುತ್ತದೆ, ಮೆಣಸಿನಕಾಯಿಯ ಕೆಂಪೂ ಮಾಸುತ್ತದೆ. ಬ್ಯಾಡಗಿಯ ಬಣ್ಣಕ್ಕೆಂದು ದುಡ್ಡು ಕೊಟ್ಟು ಅದನ್ನು ಬಿಸಿಲಿಗೆ ಇಟ್ಟು ಕಳೆದುಕೊಳ್ಳಬೇಡಿ. ಉಳಿದ ಮೈಯೆಲ್ಲ ಮುಚ್ಚಿರಲಿ. ಕಂದು ಕಾಗದದ ಪೌಚ್ ಚೆಂದ ಕಾಣುತ್ತದೆ ಎಂದು ತರುವವರು ಒಳಗೆ ಪ್ಲಾಸ್ಟಿಕ್ ಪದರ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ವಾರದೊಳಗೆ ಹೊರಗೆಲ್ಲ ಎಣ್ಣೆ ಕಲೆ. ತೆಗೆದುಕೊಂಡ ಪೌಚಿನಲ್ಲಿ ನಿಮ್ಮದೇ ಪುಡಿ ತುಂಬಿ, ಸೀಲ್ ಮಾಡಿ, ಅಡುಗೆಮನೆಯಲ್ಲಿ ಕೆಲವು ವಾರ ಇಟ್ಟು ನೋಡಿದ ಮೇಲೆಯೇ ಆರ್ಡರ್ ಕೊಡಿ.

ಈಗ ಅಕ್ಷರ. ನನಗೆ ಅತಿ ಹೆಚ್ಚು ಕಾಳಜಿ ಇರುವುದು ಇಲ್ಲೇ. ಕನ್ನಡದ ಹೆಸರನ್ನು ಚಿಕ್ಕದಾಗಿ ಮೂಲೆಗೆ ತಳ್ಳಿ ಇಂಗ್ಲಿಷನ್ನು ದೊಡ್ಡದಾಗಿ ಹಾಕಿದರೆ ಮಾಲಿಗೆ ಬೆಲೆ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ರೊಟ್ಟಿ, ಚಟ್ನಿಪುಡಿ ಕೊಳ್ಳುವವರು ಊರಿನ ರುಚಿ ಹುಡುಕಿಕೊಂಡು ಬಂದವರು. ಬೆಂಗಳೂರಿನಲ್ಲಿ, ಪುಣೆಯಲ್ಲಿ ಇರುವ ನಮ್ಮವರಿಗೂ ಆ ಕನ್ನಡ ಅಕ್ಷರವೇ ಭರವಸೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಕೂಡ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಆದಷ್ಟು ಮಟ್ಟಿಗೆ ಕನ್ನಡದಲ್ಲೂ ಇರಬೇಕೆನ್ನುತ್ತದೆ.

ಕನ್ನಡಕ್ಕೆ ಜಾಗ ಹೆಚ್ಚು ಬೇಕು. ಮೇಲೆ ಗುಣಿತ, ಕೆಳಗೆ ಒತ್ತು. ಇಂಗ್ಲಿಷಿಗೆ ಬಿಡುವಷ್ಟೇ ಸಾಲಿನ ಅಂತರ ಬಿಟ್ಟರೆ "ಚಟ್ನಿ"ಯ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ತೆಳು ಗೆರೆಯ ಅಕ್ಷರವನ್ನು ಗಾಢ ಬಣ್ಣದ ಮೇಲೆ ಬಿಳಿಯಾಗಿ ಬಿಟ್ಟರೆ, ಫ್ಲೆಕ್ಸೋ ಮುದ್ರಣದಲ್ಲಿ (ರಬ್ಬರಿನಂಥ ಮೆತ್ತನೆ ಅಚ್ಚಿನಿಂದ ಮಾಡುವ ಮುದ್ರಣ) ಶಾಯಿ ಹರಡಿ ಒತ್ತಿನ ಸಣ್ಣ ಬಿಳಿ ಗೆರೆಗಳು ಮುಚ್ಚಿಹೋಗುತ್ತವೆ. ಆದ್ದರಿಂದ ದಪ್ಪವಾಗಿದ್ದೂ ಒಳಸುತ್ತು ತೆರೆದಿರುವ ಫಾಂಟ್ ಆರಿಸಿ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ನುಡಿ, ಬರಹದ ಹಳೇ ಫಾಂಟಿನಲ್ಲಿ ಮಾಡಿದ ಫೈಲು ಬೇರೆಯವರ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗುವುದುಂಟು. ಇಲಸ್ಟ್ರೇಟರ್‌ನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಹಾಕದಿದ್ದರೆ ಯೂನಿಕೋಡ್ ಒತ್ತಕ್ಷರವೂ ಒಡೆಯುತ್ತದೆ. ಎಲ್ಲ ಸರಿ ಇದೆ ಎಂದು ಕನ್ನಡ ಓದುವವರು ಖಚಿತ ಮಾಡಿದ ಮೇಲೆ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟ್ ಬೇಡದ ರೇಖಾಚಿತ್ರಕ್ಕೆ, ತಿರುಗಿಸಿಯೇ ಪ್ರೆಸ್ಸಿಗೆ ಕಳಿಸಿ. ಪ್ರೆಸ್ಸು ಶಿವಕಾಶಿಯಲ್ಲಿದ್ದರಂತೂ ಅಲ್ಲಿ ಕನ್ನಡದ ತಪ್ಪು ಹಿಡಿಯುವವರು ಸಿಗುವುದು ಕಷ್ಟ.

ಹಿಂಭಾಗದ ಮಾಹಿತಿಯನ್ನು ಕೊನೆಗೆ ತುರುಕಬೇಡಿ, ಮೊದಲೇ ಜಾಗ ಅಳೆದು ಇಟ್ಟುಕೊಳ್ಳಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು ಅವರು ಕೊಟ್ಟ 14 ಅಂಕಿಯ ಪರವಾನಗಿ ಅಥವಾ ನೋಂದಣಿ ನಂಬರು, ತೂಕದಲ್ಲಿ ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, 100 ಗ್ರಾಮಿಗೆ ಪೋಷಕಾಂಶ, ಶೇಂಗಾ ಇದ್ದರೆ ಅಲರ್ಜಿಯ ಸೂಚನೆ, ನಿವ್ವಳ ತೂಕ, ತಯಾರಕರ ಪೂರ್ಣ ವಿಳಾಸ, ತಯಾರಿಸಿದ ದಿನ, ಬಳಕೆಯ ಅವಧಿ, ಬ್ಯಾಚ್, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನು ಮತ್ತು ಇಮೇಲ್. ಇವು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡದಲ್ಲೂ ಕೊಡಬಹುದು. ಯೂನಿಟ್ ಬೆಲೆಯನ್ನು ಬಹಳ ಜನ ಮರೆಯುತ್ತಾರೆ: 200 ಗ್ರಾಂ ಪ್ಯಾಕೆಟ್ಟಿಗೆ 80 ರೂಪಾಯಿ ಆದರೆ ಗ್ರಾಮಿಗೆ 0.40 ರೂಪಾಯಿ ಎಂದು ಬರೆಯಬೇಕು. ಸಸ್ಯಾಹಾರದ ಹಸಿರು ಚುಕ್ಕೆಗೂ ಅಳತೆ ಇದೆ. ಮುಂಭಾಗ 100ರಿಂದ 500 ಚದರ ಸೆಂ.ಮೀ. ಇದ್ದರೆ ಚುಕ್ಕೆಯ ವ್ಯಾಸ ಕನಿಷ್ಠ 4 ಮಿ.ಮೀ., ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. "ಶುದ್ಧ", "ನೈಸರ್ಗಿಕ", "ಸಾಂಪ್ರದಾಯಿಕ" ಎಂದು ಮನಸ್ಸಿಗೆ ಬಂದಂತೆ ಬರೆಯಲು 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ಬಿಡುವುದಿಲ್ಲ. ಅಚ್ಚಿಗೆ ಮುಂಚೆ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಬಾರ್‌ಕೋಡ್ ಜಿಎಸ್1 ಇಂಡಿಯಾದಿಂದ ಪಡೆಯಿರಿ, ಭಾರತದ ಸಂಖ್ಯೆ 890ರಿಂದ ಶುರುವಾಗುತ್ತದೆ. ಕೆಂಪು ಬಣ್ಣದ ಗೆರೆ ಹಾಕಬೇಡಿ. ಸ್ಕ್ಯಾನರಿನ ಬೆಳಕು ಕೆಂಪು, ಅದಕ್ಕೆ ಕೆಂಪು ಗೆರೆ ಕಾಣುವುದೇ ಇಲ್ಲ. ಬಿಳಿಯ ಮೇಲೆ ಕಪ್ಪು ಒಳ್ಳೆಯದು. ಮೂಲ ಅಳತೆ 37.29 x 25.93 ಮಿ.ಮೀ., ಅದರ ಶೇ. 80ಕ್ಕಿಂತ ಚಿಕ್ಕದು ಮಾಡಬಾರದು.

ಹೆಸರನ್ನೂ ಬದಲಿಸುತ್ತಿದ್ದರೆ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಮಸಾಲೆ ಪದಾರ್ಥಗಳು 30ನೇ ವರ್ಗ, ಊದಿನಕಡ್ಡಿ 3ನೇ ವರ್ಗ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗಕ್ಕೆ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ. ನೋಂದಣಿ ಆಗುವ ಮುಂಚೆ ವೃತ್ತದೊಳಗಿನ 'ಆರ್' ಗುರುತು ಹಾಕುವುದು ಅಪರಾಧ.

ಮುದ್ರಣದ ಖರ್ಚು ಬಣ್ಣದ ಲೆಕ್ಕದಲ್ಲಿ ಏರುತ್ತದೆ. ಗ್ರಾವ್ಯೂರ್‌ನಲ್ಲಿ (ಕೊರೆದ ಲೋಹದ ಸಿಲಿಂಡರಿನಿಂದ ಮಾಡುವ ಮುದ್ರಣ) ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಅದರ ದುಡ್ಡು ಮೊದಲೇ ಕಟ್ಟಬೇಕು, ಜೊತೆಗೆ ರೋಲಿನ ಕನಿಷ್ಠ ಆರ್ಡರ್ ದೊಡ್ಡದು. ಹೊಸಬರಿಗೆ ನನ್ನ ಸಲಹೆ: ಒಂದೇ ಬಣ್ಣದ ಸಾದಾ ಪೌಚ್ ಕೊಂಡು ಮೇಲೆ ಮುದ್ರಿಸಿದ ಲೇಬಲ್ ಅಂಟಿಸಿ. ಶೇಂಗಾ, ಗುರೆಳ್ಳು, ಅಗಸಿಗೆ ಪೌಚ್ ಒಂದೇ, ಲೇಬಲ್ಲಿನ ಕೆಳಪಟ್ಟಿಯ ಬಣ್ಣ ಮಾತ್ರ ಬೇರೆ. ಮಾರಾಟ ಗಟ್ಟಿಯಾದ ಮೇಲೆ ಸಿಲಿಂಡರ್ ಮಾಡಿಸಿ. ಸಣ್ಣ ಅಕ್ಷರಗಳನ್ನು ಕಪ್ಪು ಒಂದೇ ಬಣ್ಣದಲ್ಲಿ ಇಡಿ. ಮೂರು ಬಣ್ಣ ಸೇರಿಸಿ ಮಾಡಿದ ಸಣ್ಣ ಅಕ್ಷರ, ಅಚ್ಚು ಕೂದಲೆಳೆಯಷ್ಟು ಜರುಗಿದರೂ ಮಸುಕಾಗುತ್ತದೆ. ಸೀಲ್ ಬೀಳುವ ಅಂಚಿನಲ್ಲಿ ಏನೂ ಬರೆಯಬೇಡಿ. ದಿನಾಂಕ, ಬ್ಯಾಚ್ ಹೊಡೆಯಲು ವಾರ್ನಿಶ್ ಇಲ್ಲದ ಬಿಳಿ ಚೌಕ ಬಿಡಿ, ಇಲ್ಲದಿದ್ದರೆ ಶಾಯಿ ಒರೆಸಿಹೋಗುತ್ತದೆ. ಶಾಯಿ ಆಹಾರಕ್ಕೆ ತಾಗುವಂತಿಲ್ಲ, ಪ್ಯಾಕಿಂಗ್ ಶಾಯಿಗೆ ಐಎಸ್ 15495 ಎಂಬ ಭಾರತೀಯ ಮಾನದಂಡವಿದೆ. ಪ್ರೆಸ್ಸಿನವರಿಂದ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಬದಲಾವಣೆಯನ್ನು ಒಂದೇ ದಿನ ಎಲ್ಲ ಕಡೆ ಮಾಡಬೇಡಿ. ಹೆಚ್ಚು ಹೋಗುವ ಒಂದೇ ಮಾಲಿನಿಂದ, ನಿಮಗೆ ಸಲುಗೆ ಇರುವ ಕೆಲವೇ ಅಂಗಡಿಗಳಿಂದ ಶುರು ಮಾಡಿ. ಹಳೇ ಪ್ಯಾಕೆಟ್, ಹೊಸ ಪ್ಯಾಕೆಟ್ ಎರಡನ್ನೂ ಅಕ್ಕಪಕ್ಕ ಇಡಲು ಹೇಳಿ. ಮೊದಲ ಕೆಲವು ತಿಂಗಳು ಹೊಸದರ ಮೇಲೆ "ಅದೇ ರುಚಿ, ಹೊಸ ಪ್ಯಾಕೆಟ್" ಎಂಬ ಪಟ್ಟಿ, ಅದರೊಳಗೆ ಹಳೇ ಪ್ಯಾಕೆಟ್ಟಿನ ಪುಟ್ಟ ಚಿತ್ರ ಇರಲಿ. ಅಂಗಡಿಯವರಿಗೆ ಖುದ್ದಾಗಿ ಹೇಳಿ, ಗಿರಾಕಿ ಅನುಮಾನಿಸಿದಾಗ "ಅದ ಐತ್ರಿ, ಪಾಕೀಟ ಅಷ್ಟ ಬದಲಿ" ಎಂದು ಹೇಳುವವರು ಅವರೇ. ನೀವು ಮೊದಲು ಕೇಳಿದ ಕಾಯಂ ಗಿರಾಕಿಗಳಿಗೆ ಒಂದೊಂದು ಹೊಸ ಪ್ಯಾಕೆಟ್ ಕೊಟ್ಟು ಓದಿಸಿ ನೋಡಿ, ಎಲ್ಲಿ ಕಣ್ಣು ಕಿರಿದು ಮಾಡುತ್ತಾರೋ ಆ ಅಕ್ಷರದ ಅಳತೆಯನ್ನು ಮುಂದಿನ ಅಚ್ಚಿನಲ್ಲಿ ಹೆಚ್ಚಿಸಿ. ಪ್ರೆಸ್ಸಿನಿಂದ ಬಂದ ಮೊದಲ ಒಳ್ಳೇ ಹಾಳೆಗೆ ಸಹಿ ಹಾಕಿಸಿ, ಬಿಸಿಲು ತಾಗದ ಕಡೆ ಫೈಲಿನಲ್ಲಿ ಎತ್ತಿಡಿ. ಎರಡನೇ ಸಲ ಅಚ್ಚಾಗಿ ಬಂದ ಕೆಂಪನ್ನು ಅದರ ಪಕ್ಕ ಇಟ್ಟು ಹೋಲಿಸಿ ನೋಡಿದ ಮೇಲೆಯೇ ಬಾಕಿ ಹಣ ಕೊಡಿ.